ಸ್ನೇಹಪೂರ್ವಕ ವಂದನೆಗಳೊಂದಿಗೆ

ರಾಗ್ನಾ ಮತ್ತು ಸಿನ್ನೊವೆ ಜಗಳ ಆಡಿದರೆ ಮೀನು ಕಾರ್ಖಾನೆಯ ಈ ತುದಿಯಿಂದ ಆ ತುದಿಯವರೆಗೂ ಕೇಳಿಸುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ಗಾಬರಿಯಾಗಿ, ಈ ಇಬ್ಬರು ಹೆಂಗಸರ ಕೈಯಲ್ಲಿ ಚೂರಿ ಬೇರೆ ಇದೆಯಲ್ಲಪ್ಪ ಎಂದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಹಳಬರು ಮಾತ್ರ ತಲೆ ಎತ್ತದೆ ನಗುತ್ತ ಕೆಲಸ ಮುಂದುವರಿಸುತ್ತಿದ್ದರು.

"ಲೇ ಮುದಿ ತಿಮಿಂಗಿಲ, ಮತ್ತೆ ಮುಳ್ಳು ಬಿಟ್ಟಿದೀಯಲ್ಲೇ! ಕಣ್ಣು ಮನೇಲಿಟ್ಟು ಬಂದ್ಯಾ?" ಎನ್ನುತ್ತಿದ್ದಳು ರಾಗ್ನಾ.

"ಇಡೀ ದಿನ ನಿನ್ನ ಮೋರೆ ಎದುರಿಗೇ ನಿಂತಿರ್ತೀನಲ್ಲ, ಕಣ್ಣು ಮಂಜಾಗದೆ ಇನ್ನೇನಾಗುತ್ತೆ?"

ಇಪ್ಪತ್ತಾರು ವರ್ಷ ಒಂದೇ ಮೇಜಿನ ಎದುರುಬದುರು ನಿಂತು ಇಬ್ಬರೂ ಕಾಡ್ ಮೀನು ಸೀಳಿದ್ದರು. ದೂರದ ಉತ್ತರದ ಆ ದ್ವೀಪದಲ್ಲಿ ಸಿಹಿ ಮಾತು ಎಂದರೆ ಪಾದ್ರಿಗೆ, ತೆರಿಗೆ ಕಚೇರಿಯವರಿಗೆ, ಬೇಸಿಗೆಯಲ್ಲಿ ಬರುವ ಪ್ರವಾಸಿಗಳಿಗೆ. ಹತ್ತಿರದವರಿಗೆ ಬೈಗುಳವೇ. ರಾಗ್ನಾಳ ಗಂಡ ಹಾಲ್ವಾರ್ದ್ ಸಮುದ್ರದಿಂದ ವಾಪಸು ಬಾರದೆ ಹೋದ ವರ್ಷ, ಸಿನ್ನೊವೆ ತನ್ನ ಗಂಡ ಎದ್ವಿನ್‌ನನ್ನು ಮನೆಯಲ್ಲಿ ಒಬ್ಬನನ್ನೇ ಬಿಟ್ಟು ಮೂರು ತಿಂಗಳು ರಾಗ್ನಾಳ ಸೋಫಾದ ಮೇಲೆ ಮಲಗಿದಳು. ಒಂದು ದಿನವೂ ಸಮಾಧಾನದ ಮಾತು ಆಡಲಿಲ್ಲ. "ತಿನ್ನೇ, ಇಲ್ಲಾಂದ್ರೆ ಮೂಗು ಹಿಡಿದು ಬಾಯಿಗೆ ತುರುಕ್ತೀನಿ. ನೀನೂ ಸತ್ತು ನನಗೆ ಇನ್ನೊಂದು ಶವಸಂಸ್ಕಾರದ ಕೇಕ್ ಸುಡೋ ಕೆಲಸ ಹಚ್ಚಬೇಡ" ಎಂದು ತಟ್ಟೆಯನ್ನು ಎದುರಿಗೆ ಕುಕ್ಕುತ್ತಿದ್ದಳು. ರಾಗ್ನಾ ತಿಂದಳು. ತಿಂದು ಬದುಕಿದಳು.

ಐವತ್ತೇಳನೆಯ ವಯಸ್ಸಿಗೆ ರಾಗ್ನಾಳ ಬಲಗೈ ಬೆರಳುಗಳು ಜೋಮು ಹಿಡಿಯತೊಡಗಿದವು. ಮೊದಲು ಬೆಳಗಿನ ಹೊತ್ತು ಮಾತ್ರ, ಆಮೇಲೆ ಮಧ್ಯಾಹ್ನದವರೆಗೂ. ಒಂದು ದಿನ ಚೂರಿ ಜಾರಿ ಕೈಗವಸು ಸೀಳಿ ಹೆಬ್ಬೆರಳಿನ ಬುಡ ಕತ್ತರಿಸಿತು. ರಕ್ತ ಬಂದದ್ದು ಅವಳಿಗೆ ತಿಳಿಯಲೇ ಇಲ್ಲ. ಎದುರಿಗಿದ್ದ ಸಿನ್ನೊವೆ ನೋಡಿದಳು.

"ಎಷ್ಟು ದಿನದಿಂದ ಹೀಗಿದೆ?" ಎಂದು ಬಟ್ಟೆ ಬದಲಿಸುವ ಕೋಣೆಯಲ್ಲಿ ಕೇಳಿದಳು.

"ಒಂದು ವರ್ಷ ಆಗ್ತಾ ಬಂತು. ಯಾರಿಗೂ ಹೇಳ್ಬೇಡ ಕಣೇ. ಹೇಳಿದ್ರೆ ನನ್ನ ಮನೆಗೆ ಕಳಿಸ್ತಾರೆ. ಮನೇಲಿ ನಾನೇನು ಮಾಡ್ಲಿ, ಗೋಡೆ ಜೊತೆ ಜಗಳ ಆಡ್ಲಾ?"

"ಹೇಳಿದ್ರೆ ನಾನು ಮನುಷ್ಯಳೇ ಅಲ್ಲ" ಎಂದಳು ಸಿನ್ನೊವೆ. ಮರುದಿನದಿಂದ ದೊಡ್ಡ ಮೀನುಗಳೆಲ್ಲ ಹೇಗೋ ಅವಳ ಕಡೆಗೇ ಜಾರುತ್ತಿದ್ದವು, ಚಿಕ್ಕವು ರಾಗ್ನಾಳ ಕಡೆಗೆ.

ಮೇಲಿನ ಕಚೇರಿಯಲ್ಲಿ ಸಿಬ್ಬಂದಿ ವಿಷಯ ನೋಡಿಕೊಳ್ಳುತ್ತಿದ್ದವರು ನಿವೃತ್ತರಾದಾಗ ಆ ಜಾಗಕ್ಕೆ ಸಿನ್ನೊವೆಯನ್ನು ಕರೆದರು. ಅವಳು ಹಿಂದೆ ಮುಂದೆ ನೋಡಿದಳು. ನೂಕಿದವಳು ರಾಗ್ನಾಳೇ. "ಹೋಗೇ, ಅಲ್ಲಿ ಬೆಚ್ಚಗಿರುತ್ತೆ. ನಿನ್ನ ಸೊಂಟಕ್ಕೂ ಒಳ್ಳೇದು. ನಮ್ಮ ಕಡೆಯವಳು ಒಬ್ಬಳು ಮೇಲಿದ್ರೆ ನಮಗೂ ಧೈರ್ಯ." ಸಿನ್ನೊವೆ ಮೇಲೆ ಹೋದಳು. ಆದರೂ ದಿನಾ ಹತ್ತೂವರೆಗೆ ಕೆಳಗೆ ಬಂದು ಮೀನಿನ ವಾಸನೆಯ ನಡುವೆಯೇ ಕಾಫಿ ಕುಡಿಯುತ್ತಿದ್ದಳು.

ನಾಲ್ಕನೆಯ ವರ್ಷ ಕಾರ್ಖಾನೆಯನ್ನು ದಕ್ಷಿಣದ ಕಂಪನಿಯೊಂದು ಕೊಂಡಿತು. ಹನ್ನೊಂದು ಜನರನ್ನು ಕಡಿಮೆ ಮಾಡಬೇಕಂತೆ ಎಂಬ ಸುದ್ದಿ ಹಬ್ಬಿತು. ಆ ಮೂರು ವಾರ ಸಿನ್ನೊವೆ ಕಾಫಿಗೆ ಕೆಳಗಿಳಿಯಲಿಲ್ಲ. ಪಾಪ, ಕೆಲಸ ಜಾಸ್ತಿ ಇರಬೇಕು ಎಂದುಕೊಂಡಳು ರಾಗ್ನಾ. ಒಂದು ದಿನ ಅವಳಿಗಾಗಿ ಕಬ್ಬಿಣದ ಅಚ್ಚಿನಲ್ಲಿ ಸುಟ್ಟ ಸಿಹಿರೊಟ್ಟಿಯೊಂದನ್ನು ಕಾಗದದಲ್ಲಿ ಸುತ್ತಿ ಮೇಲೆ ಕಳಿಸಿದಳು ಕೂಡ.

ಪತ್ರ ಬಂದದ್ದು ಅಕ್ಟೋಬರಿನ ಒಂದು ಗುರುವಾರ. ರಸ್ತೆ ತಿರುವಿನ ಅಂಚೆಪೆಟ್ಟಿಗೆಯ ಹತ್ತಿರವೇ ನಿಂತು ಒಡೆದಳು. ಸಂಸ್ಥೆಯ ಮರುರಚನೆ, ವಿಷಾದ, ದೀರ್ಘಕಾಲದ ಸೇವೆಗೆ ಧನ್ಯವಾದ. ನಡುವೆ ಒಂದು ಸಾಲು: ಮೌಲ್ಯಮಾಪನದಲ್ಲಿ ಬಲಗೈಯ ಕಾರ್ಯಕ್ಷಮತೆ ಕುಂದಿರುವುದನ್ನು ಪರಿಗಣಿಸಲಾಗಿದೆ. ಕೊನೆಗೆ ಅಚ್ಚಾದ ಅಕ್ಷರದಲ್ಲಿ, 'ಸ್ನೇಹಪೂರ್ವಕ ವಂದನೆಗಳೊಂದಿಗೆ'. ಅದರ ಕೆಳಗೆ ನೀಲಿ ಶಾಯಿಯಲ್ಲಿ ಸಿನ್ನೊವೆಯ ಸಹಿ.

ರಾಗ್ನಾ ಆ ಸಾಲನ್ನು ಎಷ್ಟು ಸಲ ಓದಿದಳೋ. ಕೆಲಸ ಹೋದದ್ದು ಅವಳ ತಲೆಯೊಳಗೆ ಇನ್ನೂ ಇಳಿದಿರಲಿಲ್ಲ. ತನ್ನ ಕೈ ವಿಷಯ ಭೂಮಿಯ ಮೇಲೆ ಒಬ್ಬಳಿಗೇ ಗೊತ್ತಿತ್ತು. ಗೊತ್ತಾದದ್ದು ಅವಳು ಗೆಳತಿಯಾಗಿದ್ದಕ್ಕೆ. ಅದೇ ವಿಷಯ ಅದೇ ಗೆಳತಿಯ ಸಹಿ ಹೊತ್ತು, ಸ್ನೇಹಪೂರ್ವಕವಾಗಿ ವಾಪಸು ಬಂದಿತ್ತು.

ಅವಳ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದ ಯೊಲಾಂಟಾ ಲಿಥುವೇನಿಯಾದವಳು. ಅದೇ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಅವಳಿಗೂ ಅಂದೇ ಅಂಥದೇ ಪತ್ರ ಬಂದಿತ್ತು. ಸಂಜೆ ನಿಘಂಟು ಹಿಡಿದುಕೊಂಡು ಅಡುಗೆಮನೆಗೆ ಇಳಿದು ಬಂದಳು.

"ರಾಗ್ನಾ, ಎಲ್ಲಾ ಅರ್ಥ ಆಯ್ತು. ಕೊನೇದು ಮಾತ್ರ ಆಗ್ಲಿಲ್ಲ. ಸ್ನೇಹ ಅಂದ್ರೆ ಗೊತ್ತು. ಸ್ನೇಹಪೂರ್ವಕ ಅಂದ್ರೆ ಏನು? ಸ್ನೇಹಕ್ಕಿಂತ ದೊಡ್ಡದಾ?"

"ಪದ ದೊಡ್ಡದು ಅಷ್ಟೆ" ಎಂದಳು ರಾಗ್ನಾ.

"ಆ ಮೇಡಂ ನನ್ನ ಹತ್ರ ಒಂದು ದಿನಾನೂ ಮಾತಾಡಿಲ್ಲ. ನಾನು ಅವ್ರ ಸ್ನೇಹಿತೆ ಹೇಗಾದೆ?"

"ಆಗ್ಲಿಲ್ಲ. ಅದಕ್ಕೇ ಹಾಗೆ ಬರೀತಾರೆ. ಸ್ನೇಹ ಇದ್ದ ಕಡೆ ಆ ಪದ ಬೇಕಾಗಲ್ಲ. ಇಲ್ಲದ ಕಡೆ ಬರೀತಾರೆ. ಬ್ಯಾಂಕಿನವರು, ಕರೆಂಟಿನವರು."

ಯೊಲಾಂಟಾ ಪತ್ರದ ಅಂಚಿನಲ್ಲಿ ಪೆನ್ಸಿಲಿನಿಂದ ತನ್ನ ಭಾಷೆಯಲ್ಲಿ ಏನೋ ಗುರುತು ಹಾಕಿಕೊಂಡಳು. "ಹಾಗಾದ್ರೆ ನಿನಗೂ ಯಾಕೆ ಅದನ್ನೇ ಬರೆದ್ರು?" ಎಂದು ಕೇಳಿದಳು. ರಾಗ್ನಾ ಎದ್ದು ನಲ್ಲಿ ತಿರುಗಿಸಿ, ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆದಳು.

ಆ ಸಂಜೆ ಸಿನ್ನೊವೆ ನಾಲ್ಕು ಸಲ ಫೋನ್ ಮಾಡಿದಳು. ರಾಗ್ನಾ ಎತ್ತಲಿಲ್ಲ. ಬೆಳಿಗ್ಗೆ ಮೊಬೈಲಿನಲ್ಲಿ ಒಂದು ಸಂದೇಶ ಕಳಿಸಿದಳು: 'ಪತ್ರ ತಲುಪಿದೆ. ಬೀಗದ ಕೈ, ಬೂಟು ಸೋಮವಾರ ತಂದೊಪ್ಪಿಸುತ್ತೇನೆ. ಸ್ನೇಹಪೂರ್ವಕ ವಂದನೆಗಳೊಂದಿಗೆ, ರಾಗ್ನಾ ಥೋಮಾಸೆನ್.' ಒತ್ತುವಾಗ ಎದೆಯಲ್ಲಿ ಒಂಥರಾ ಖುಷಿಯಾಯಿತು. ಚೂರಿ ಸರಿಯಾದ ಸಂದಿಗೆ ಇಳಿದಾಗ ಆಗುವಂಥ ಖುಷಿ.

ಭಾನುವಾರ ಸಿನ್ನೊವೆ ಮನೆಗೇ ಬಂದಳು. ಎಂದಿನಂತೆ ಬಾಗಿಲು ನೂಕಿಕೊಂಡು ಬರಲಿಲ್ಲ, ಬಡಿದು ಕಾದಳು. ರಾಗ್ನಾ ಬಾಗಿಲು ತೆರೆದು ಮುಗುಳ್ನಕ್ಕಳು.

"ಬಾ ಸಿನ್ನೊವೆ. ಕೂತ್ಕೋ. ಕಾಫಿ ತಗೋತೀಯಾ?"

ಅವರ ಭಾಷೆಯಲ್ಲಿ ನೀನು, ನೀವು ಎಂಬ ಭೇದ ಹೋಗಿ ಎಷ್ಟೋ ಕಾಲವಾಯಿತು. ಇದ್ದಿದ್ದರೆ ರಾಗ್ನಾ ಅಂದು ಬಹುವಚನವನ್ನೇ ಬಳಸುತ್ತಿದ್ದಳು. ಗಾಜಿನ ಬೀರು ತೆರೆದು, ನೀಲಿ ಹೂವಿನ ತೆಳು ಬಟ್ಟಲುಗಳನ್ನು ತೆಗೆದಳು. ಪಾದ್ರಿ ಬಂದಾಗ ತೆಗೆಯುವ ಬಟ್ಟಲುಗಳು. ಸಿನ್ನೊವೆ ಅಷ್ಟು ವರ್ಷ ಆ ಮನೆಯಲ್ಲಿ ಕುಡಿದದ್ದು ಕಿವಿ ಮುರಿದ ದಪ್ಪ ಮಗ್ಗಿನಲ್ಲಿ, ಅದೂ ತಾನೇ ಬಗ್ಗಿಸಿಕೊಂಡು. ತಟ್ಟೆಯ ಮೇಲೆ ಕೂತ ಬಟ್ಟಲನ್ನು ನೋಡುತ್ತಲೇ ಅವಳ ಮುಖದ ಬಣ್ಣ ಇಳಿದುಹೋಯಿತು.

"ರಾಗ್ನಾ, ಹೀಗ್ ಮಾಡ್ಬೇಡ ಕಣೇ."

"ಏನು ಮಾಡ್ದೆ? ಸಕ್ಕರೆ ಹಾಕ್ಲಾ?"

"ಬೈಯೇ ನನ್ನ. ಈ ಬಟ್ಟಲು ತಗೊಂಡು ತಲೆಗೆ ಹೊಡಿ. ನನಗೆ ಹೇಳೋದಿದೆ, ಆ ಕೈ ವಿಷಯ ನಾನು ಯಾಕೆ ಬರೆದೆ ಅಂದ್ರೆ..."

"ನಿನ್ನ ಕೆಲಸ ನೀನು ಮಾಡಿದೀಯ. ಅದರಲ್ಲಿ ಬೈಯೋದೇನಿದೆ? ಎದ್ವಿನ್ ಮಂಡಿ ಈಗ ಹೇಗಿದೆ? ಚಳಿಗೆ ನೋವು ಜಾಸ್ತಿ ಆಗಿರ್ಬೇಕು ಅಲ್ವಾ?"

ಸಿನ್ನೊವೆ ಬಾಯಿ ತೆರೆದಾಗಲೆಲ್ಲ ರಾಗ್ನಾ ಕೇಕಿನ ತಟ್ಟೆ ಮುಂದಕ್ಕೆ ಸರಿಸಿದಳು. ಹವಾಮಾನದ ಮಾತಾಡಿದಳು, ಬೋಟಿನ ಹೊಸ ವೇಳಾಪಟ್ಟಿಯ ಮಾತಾಡಿದಳು. ಅರ್ಧ ಗಂಟೆಯಾದ ಮೇಲೆ ಬಾಗಿಲವರೆಗೂ ಬಂದು, "ಬಂದದ್ದಕ್ಕೆ ಥ್ಯಾಂಕ್ಸ್. ಹುಷಾರಾಗಿ ಹೋಗು" ಎಂದು ಬೀಳ್ಕೊಟ್ಟಳು. ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದಳು. ಸಿನ್ನೊವೆ ಗೇಟಿನ ಹತ್ತಿರ ಬಹಳ ಹೊತ್ತು ನಿಂತಿದ್ದಳು. ಒಮ್ಮೆ ತಿರುಗಿದಳು. ಆಮೇಲೆ ಹೋದಳು.

ಹೀಗೆ ಶುರುವಾದದ್ದು ಹದಿನಾಲ್ಕು ತಿಂಗಳು ನಡೆಯಿತು. ಚಿಕ್ಕ ಊರು, ಒಂದೇ ಅಂಗಡಿ. ಹಾಲಿನ ಡಬ್ಬಿಗಳ ಎದುರಿಗೆ ಇಬ್ಬರೂ ಸಿಗುತ್ತಿದ್ದರು. "ನಮಸ್ಕಾರ ಸಿನ್ನೊವೆ, ಚೆನ್ನಾಗಿದೀಯಾ?" "ಚೆನ್ನಾಗಿದೀನಿ. ನೀನು?" "ನಾನೂ ಅಷ್ಟೆ." ಜನ ನೋಡಿ ಮೆಚ್ಚಿಕೊಂಡರು. ಅಷ್ಟೆಲ್ಲ ಆದರೂ ಎಷ್ಟು ಸ್ನೇಹಪರವಾಗಿದ್ದಾರೆ ನೋಡಿ, ದೊಡ್ಡ ಮನಸ್ಸು ಎಂದರು. ಮೊದಮೊದಲು ಸಿನ್ನೊವೆ ಹಳೆಯ ಮಾತಿನ ಗಾಳ ಎಸೆದು ನೋಡುತ್ತಿದ್ದಳು. "ಏನೇ ಅದು, ಆಲೂಗಡ್ಡೆ ಆರಿಸ್ತಿದೀಯೋ ಮೊಮ್ಮಗನಿಗೆ ಹೆಣ್ಣು ನೋಡ್ತಿದೀಯೋ?" ರಾಗ್ನಾಳ ನಾಲಗೆಯ ತುದಿಗೆ ಉತ್ತರ ಬಂದು ಕೂರುತ್ತಿತ್ತು, ಖಾರವಾಗಿ, ಬಿಸಿಬಿಸಿಯಾಗಿ. ಅದನ್ನು ನುಂಗಿ, "ಈ ವಾರದ್ದು ಚೆನ್ನಾಗಿವೆ" ಎಂದು ನಗುತ್ತಿದ್ದಳು. ಕ್ರಮೇಣ ಸಿನ್ನೊವೆ ಗಾಳ ಎಸೆಯುವುದನ್ನು ಬಿಟ್ಟಳು. ಅವಳೂ ಸ್ನೇಹಪರಳಾದಳು.

ಮನೆಗೆ ಬಂದ ಮೇಲೆ ರಾಗ್ನಾ ಚೀಲ ಕೆಳಗಿಟ್ಟು ಕೂರುತ್ತಿದ್ದಳು. ಒಂದು ಮಾತು, ಒಂದೇ ಒಂದು ಬೈಗುಳ ಹೊರಬಿದ್ದರೆ ಎಲ್ಲ ಕರಗಿ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಬಿಗಿಹಿಡಿದಿದ್ದಳು. ಅವಳು ಇನ್ನೂ ಸ್ವಲ್ಪ ಅನುಭವಿಸಲಿ ಎಂಬುದು ಬಿಟ್ಟರೆ ಮನಸ್ಸಿನಲ್ಲಿ ಬೇರೆ ಕಾರಣವೇ ಇರಲಿಲ್ಲ.

ಮರುವರ್ಷ ಡಿಸೆಂಬರ್. ಸೂರ್ಯ ಮುಖ ತೋರಿಸದ ತಿಂಗಳು. ಬೆಳಗಿನ ಹತ್ತಕ್ಕೂ ಬೋಟು ನಿಲ್ಲುವ ಧಕ್ಕೆಯ ದೀಪಗಳು ಉರಿಯುತ್ತಿದ್ದವು. ಮಗಳು ಕಳಿಸಿದ ಪಾರ್ಸೆಲ್ ತರಲು ರಾಗ್ನಾ ಧಕ್ಕೆಗೆ ಹೋಗಿದ್ದಳು. ನಗರಕ್ಕೆ ಹೋಗುವ ಬೋಟಿಗೆ ಕಾಯುತ್ತ ಸಿನ್ನೊವೆ ಬೆಂಚಿನ ಮೇಲೆ ಕೂತಿದ್ದಳು. ಎದ್ವಿನ್ ಸೂಟ್‌ಕೇಸು ಹಿಡಿದು ಟಿಕೆಟಿನ ಕಿಟಕಿಯ ಹತ್ತಿರ ನಿಂತಿದ್ದ. ಎರಡು ತಿಂಗಳಿಂದ ಅವಳು ಅಂಗಡಿಯಲ್ಲಿ ಕಂಡಿರಲಿಲ್ಲ. ಕೋಟು ಅವಳ ಮೇಲೆ ಯಾರದೋ ಕೋಟಿನಂತೆ ತೂಗುತ್ತಿತ್ತು.

"ಎಲ್ಲಿಗೆ ಹೊರಟೆ?" ಎಂದಳು ರಾಗ್ನಾ.

"ಆಸ್ಪತ್ರೆಗೆ. ಹೊಟ್ಟೇಲಿ ಗಡ್ಡೆ ಇದೆಯಂತೆ. ಬುಧವಾರ ಕುಯ್ತಾರೆ." ಸಿನ್ನೊವೆ ಸ್ವಲ್ಪ ನಕ್ಕಳು. "ಇಷ್ಟು ವರ್ಷ ನಾನು ಕುಯ್ದೆ. ಈಗ ನನ್ನ ಸರದಿ."

ರಾಗ್ನಾಳ ಬಾಯಿಗೆ ಬಂದದ್ದು, 'ಅವರೂ ಮುಳ್ಳು ಬಿಡದೆ ಇದ್ರೆ ಸಾಕು.' ಹೇಳಲಿಲ್ಲ. "ಛೆ, ಪಾಪ. ಈಗಿನ ಡಾಕ್ಟರುಗಳು ತುಂಬಾ ಒಳ್ಳೆಯವರಿರ್ತಾರೆ" ಎಂದಳು.

ಸಿನ್ನೊವೆ ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು. ರಾಗ್ನಾ ಕೂರಲಿಲ್ಲ, ನಿಂತೇ ಇದ್ದಳು.

"ಆ ಹಾಳೆ ತುಂಬುವಾಗ ಹನ್ನೊಂದು ಹೆಸರು ಬರೀಲೇಬೇಕಿತ್ತು" ಎಂದು ಸಿನ್ನೊವೆ ಶುರು ಮಾಡಿದಳು. ಈ ಸಲ ಅವಳನ್ನು ತಡೆಯಲು ಕೈಯಲ್ಲಿ ಕೇಕಿನ ತಟ್ಟೆ ಇರಲಿಲ್ಲ. "ನಿನ್ನ ಹೆಸರು ಮೇಲಿನವರೇ ಮೊದಲು ಹಾಕಿದ್ರು, ನಿಧಾನ ಅಂತ. ಸುಮ್ಮನೆ ನಿಧಾನ ಅಂತ ಹೋದ್ರೆ ನಿನಗೆ ಏನೂ ಸಿಗ್ತಿರ್ಲಿಲ್ಲ. ಕೈ ಕೆಲಸದಿಂದ ಹಾಳಾಯ್ತು ಅಂತ ಬರೆದ್ರೆ ಪಿಂಚಣಿ ಆಗುತ್ತೆ ಅಂತ ನಾನು ಬರೆದೆ. ಆಯ್ತಲ್ಲ?"

ಪಿಂಚಣಿ ಆಗಿತ್ತು. ಅದು ಹೇಗೆ ಅಷ್ಟು ಸಲೀಸಾಗಿ ಆಯಿತೆಂದು ರಾಗ್ನಾ ಒಮ್ಮೆಯೂ ಯೋಚಿಸಿರಲಿಲ್ಲ.

"ಮೊದಲೇ ನನ್ನ ಕೇಳ್ಬಹುದಿತ್ತು" ಎಂದಳು.

"ಕೇಳ್ಬಹುದಿತ್ತು. ಮೂರು ವಾರ ದಿನಾ ಹತ್ತೂವರೆಗೆ ಮೆಟ್ಟಿಲ ತುದೀಲಿ ನಿಂತು ವಾಪಸ್ ಹೋದೆ. ನಿನ್ನ ಮುಖ ನೋಡೋ ಧೈರ್ಯ ಆಗ್ಲಿಲ್ಲ. ಅಲ್ಲಿ ನಾನು ಹೇಡಿ ಆದೆ ಕಣೇ. ಅದಕ್ಕೆ ಬೈ. ಎಷ್ಟು ಬೇಕಾದ್ರೂ ಬೈ. ಆದ್ರೆ ಈ ಚೆನ್ನಾಗಿದೀಯಾ ಚೆನ್ನಾಗಿದೀಯಾ ಅನ್ನೋದು ಬಿಡು, ನನ್ ಕೈಲಿ ಆಗ್ತಿಲ್ಲ."

ಬೋಟು ಬಂದು ಧಕ್ಕೆಗೆ ತಾಗಿತು. ಎದ್ವಿನ್ ಟಿಕೆಟು ಹಿಡಿದು ಬಂದ. ರಾಗ್ನಾಳ ಒಳಗೆ ಇಪ್ಪತ್ತಾರು ವರ್ಷದ ಬೈಗುಳಗಳೆಲ್ಲ ಒಟ್ಟಿಗೆ ಎದ್ದು ನಿಂತವು. ಯಾವುದನ್ನು ಮೊದಲು ಬಿಡಲಿ ಎಂದು ತಿಳಿಯದೆ ಅವಳು ಒದ್ದಾಡಿದಳು. ಹದಿನಾಲ್ಕು ತಿಂಗಳು ಒಂದೇ ದಾರಿಯಲ್ಲಿ ನಡೆದು ಅಭ್ಯಾಸವಾದ ನಾಲಗೆ ಆ ದಾರಿಯನ್ನೇ ಹಿಡಿಯಿತು.

"ಪ್ರಯಾಣ ಸುಖವಾಗಿರ್ಲಿ. ಎಲ್ಲಾ ಒಳ್ಳೇದಾಗುತ್ತೆ" ಎಂದಳು.

ಸಿನ್ನೊವೆ ಅವಳ ಮುಖವನ್ನು ನೋಡಿದಳು, ತಲೆಯಾಡಿಸಿದಳು. "ಥ್ಯಾಂಕ್ಸ್" ಎಂದು ಎದ್ವಿನ್‌ನ ತೋಳು ಹಿಡಿದು ಬೋಟು ಹತ್ತಿದಳು.

ಪಾರ್ಸೆಲ್ ಎತ್ತಿಕೊಂಡು ಏರು ಹತ್ತುವಾಗಲೇ ರಾಗ್ನಾ ತೀರ್ಮಾನಿಸಿಬಿಟ್ಟಳು. ಅವಳು ವಾಪಸು ಬರುವ ದಿನ ಧಕ್ಕೆಯಲ್ಲೇ ನಿಂತು, ಊರಿಗೆಲ್ಲ ಕೇಳುವಂತೆ ಬೈಯುವುದು. ಮೆಟ್ಟಿಲ ತುದಿಯಿಂದ ಹಿಂದೆ ಹೋದದ್ದಕ್ಕೆ, ಗೇಟಿನಿಂದ ಹಿಂದೆ ಹೋದದ್ದಕ್ಕೆ, ಗಡ್ಡೆ ಇದ್ದದ್ದನ್ನು ಎರಡು ತಿಂಗಳು ಮುಚ್ಚಿಟ್ಟದ್ದಕ್ಕೆ. ಆಲೂಗಡ್ಡೆ ಸುಲಿಯುತ್ತ, ಹಿಮ ಗೋರುತ್ತ ಆ ಮಾತುಗಳನ್ನು ಜೋಡಿಸಿಕೊಂಡಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಹಸಿವಾಯಿತು. "ಇವತ್ತು ನಿನ್ನ ಮುಖ ಬೇರೆ ಥರ ಇದೆ" ಎಂದಳು ಯೊಲಾಂಟಾ.

ಶಸ್ತ್ರಚಿಕಿತ್ಸೆ ಸರಿಯಾಗಿ ಆಯಿತೆಂದು ಅಂಗಡಿಯಲ್ಲಿ ಕೇಳಿದಳು. ಆಮೇಲೆ ಜ್ವರ ಬಂದಿದೆ, ಸೋಂಕಂತೆ ಎಂದರು. ಮನೆಗೆ ಬಂದವಳೇ ಆಸ್ಪತ್ರೆಗೆ ಫೋನ್ ಮಾಡಿದಳು. ನರ್ಸ್ ಎತ್ತಿಕೊಂಡಳು.

"ಅವರು ಮಲಗಿದಾರೆ. ಏನಾದ್ರೂ ಹೇಳ್ಬೇಕಿತ್ತಾ?"

ರಾಗ್ನಾ ರಿಸೀವರ್ ಹಿಡಿದು ನಿಂತಳು. 'ಲೇ ಮುದಿ ತಿಮಿಂಗಿಲ, ಬಿದ್ದುಕೊಂಡದ್ದು ಸಾಕು, ಎದ್ದು ಬಾ' ಎಂದು ಗುರುತಿಲ್ಲದ ಹುಡುಗಿಗೆ ಹೇಗೆ ಹೇಳಿ ಕಳಿಸುವುದು? "ಬೇಗ ಗುಣವಾಗ್ಲಿ ಅಂತ ಹೇಳಿ. ತೊಂದ್ರೆ ಕೊಟ್ಟೆ, ಕ್ಷಮಿಸಿ. ತುಂಬಾ ಉಪಕಾರ ಆಯ್ತು" ಎಂದು ಇಟ್ಟಳು. ಹೆಸರು ಹೇಳಲು ಮರೆತದ್ದು ಇಟ್ಟ ಮೇಲೆ ನೆನಪಾಯಿತು. ನಾಳೆ ಬೆಳಿಗ್ಗೆಯ ಬೋಟಿಗೆ ತಾನೇ ಹೋಗುವುದೇ ಸರಿ ಎಂದುಕೊಂಡು ಚೀಲ ಕಟ್ಟಿದಳು. ಮರುದಿನ ಬಿರುಗಾಳಿಗೆ ಬೋಟು ಹೊರಡಲಿಲ್ಲ. ಅದರ ಮರುದಿನವೂ ಹೊರಡಲಿಲ್ಲ. ಮೂರನೆಯ ದಿನ ಚರ್ಚಿನ ಬಾವುಟ ಅರ್ಧಕ್ಕೆ ಇಳಿದಿತ್ತು.

ಸಿನ್ನೊವೆಯ ಸಂಸ್ಕಾರ ಮುಗಿದ ಮೇಲೆ ಎಲ್ಲರೂ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಸೇರಿದರು. ಕಾಫಿ, ಬ್ರೆಡ್ಡಿನ ಮೇಲೆ ಸಾಲ್ಮನ್, ಏಳು ಬಗೆಯ ಕೇಕ್. ಒಬ್ಬೊಬ್ಬರಾಗಿ ಎದ್ದು ಎರಡು ಮಾತು ಹೇಳಿದರು. ಕೊನೆಗೆ ಎಲ್ಲರ ಕಣ್ಣೂ ರಾಗ್ನಾಳ ಕಡೆ ತಿರುಗಿತು. ಅವಳು ಹೇಳದೆ ಇನ್ಯಾರು ಹೇಳಬೇಕು? ಕುರ್ಚಿಯ ಬೆನ್ನು ಹಿಡಿದು ಎದ್ದಳು. ಹೇಳುವುದು ಎಷ್ಟೊಂದಿತ್ತು. ಸೋಫಾದ ಮೇಲೆ ಮಲಗಿದ ಮೂರು ತಿಂಗಳು, ತನ್ನ ಕಡೆಯಿಂದ ಸದ್ದಿಲ್ಲದೆ ಜಾರಿಹೋಗುತ್ತಿದ್ದ ದೊಡ್ಡ ಮೀನುಗಳು.

"ಸಿನ್ನೊವೆ ಬಹಳ ಸ್ನೇಹಪರಳಾದ ಹೆಂಗಸು" ಎಂದಿತು ಅವಳ ಬಾಯಿ. "ಎಲ್ಲರನ್ನೂ ಪ್ರೀತಿಯಿಂದ ಮಾತಾಡಿಸುತ್ತಿದ್ದಳು. ಅವಳ ಒಡನಾಟಕ್ಕೆ ಧನ್ಯವಾದ."

ಜನ ಮೆಲ್ಲಗೆ ತಲೆಯಾಡಿಸಿದರು. ಯಾರೋ ಮೂಗು ಒರೆಸಿಕೊಂಡರು. ರಾಗ್ನಾ ಕೂತಳು. ತಾನು ಹೇಳಿದ್ದು ಯಾರೋ ಪಕ್ಕದ ಊರಿನವಳ ಬಗ್ಗೆ ಎನಿಸಿತು.

ಹೊರಗಿನ ಜಗಲಿಯಲ್ಲಿ ಎದ್ವಿನ್ ಒಬ್ಬನೇ ನಿಂತಿದ್ದ. ರಾಗ್ನಾ ಹೋಗಿ ಪಕ್ಕದಲ್ಲಿ ನಿಂತಳು.

"ಚೆನ್ನಾಗಿ ಮಾತಾಡಿದೆ" ಎಂದ ಅವನು.

"ಸುಳ್ಳು ಹೇಳ್ಬೇಡ ಎದ್ವಿನ್."

ಅವನು ತಲೆಯ ಮೇಲಿನ ಟೋಪಿ ತೆಗೆದ. "ಕೊನೇ ದಿನ ಎಚ್ಚರ ಆದಾಗ ಕೇಳಿದ್ಳು, ರಾಗ್ನಾ ಫೋನ್ ಮಾಡಿದ್ಳಾ ಅಂತ. ನರ್ಸ್ ಹೇಳಿದ್ಳು, ಯಾರೋ ಮಾಡಿದ್ರು, ಹೆಸರು ಹೇಳ್ಲಿಲ್ಲ, ತುಂಬಾ ಸ್ನೇಹಪರ ಹೆಂಗಸು ಅಂತ."

"ಅವಳೇನಂದ್ಳು?"

"'ಹಾಗಾದ್ರೆ ಅವಳೇ' ಅಂದ್ಳು."

"ಆಮೇಲೆ?"

"ಆಮೇಲೆ ಗೋಡೆ ಕಡೆ ತಿರುಗಿ ಮಲಗಿದ್ಳು." ಎದ್ವಿನ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ನಿನಗೆ ಹೇಳ್ಬೇಕೋ ಬೇಡ್ವೋ ಅಂತ ಯೋಚಿಸ್ತಿದ್ದೆ. ಹೇಳದೆ ಇದ್ರೆ ಅದೂ ಒಂದು ಮೋಸ ಅನ್ನಿಸ್ತು."

"ಹೇಳಿದ್ದು ಒಳ್ಳೇದಾಯ್ತು" ಎಂದಳು ರಾಗ್ನಾ. ಒಳಗೆ ಹೆಂಗಸರು ಬಟ್ಟಲು ತೊಳೆಯುವ ಸದ್ದು ಕೇಳುತ್ತಿತ್ತು. ಅವಳು ಒಳಗೆ ಹೋಗಿ ಯಾರಿಗೂ ಹೇಳಿ ಬರಲಿಲ್ಲ. ಮೆಟ್ಟಿಲಿಳಿದು, ಎದುರಿಗೆ ಸಿಕ್ಕವರ ನಮಸ್ಕಾರಕ್ಕೂ ನಿಲ್ಲದೆ ನಡೆದಳು.

ಮನೆಯಲ್ಲಿ ಯೊಲಾಂಟಾ ಸೂಪು ಬಿಸಿ ಮಾಡಿಟ್ಟಿದ್ದಳು. ಅವಳಿಗೆ ಈಗ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತ್ತು. ಮಾತೂ ಮೊದಲಿಗಿಂತ ಸಲೀಸಾಗಿತ್ತು.

"ಹೇಗಾಯ್ತು?" ಎಂದು ಕೇಳಿದಳು.

"ಎಲ್ಲರೂ ಒಳ್ಳೆ ಮಾತು ಆಡಿದ್ರು" ಎಂದು ರಾಗ್ನಾ ಕೋಟು ತೆಗೆಯದೆ ಕುರ್ಚಿಯಲ್ಲಿ ಕೂತಳು. "ನಾನೂ ಆಡಿದೆ."

ಅಷ್ಟು ಹೇಳುವಷ್ಟರಲ್ಲಿ ಅವಳ ಎದೆಯಿಂದ ಒಂದು ಸದ್ದು ಬಂತು. ಅಳು ಎಂದು ಅವಳಿಗೇ ತಡವಾಗಿ ತಿಳಿಯಿತು. ಮೇಜಿಗೆ ಹಣೆ ಒತ್ತಿ ಅತ್ತಳು. ಯೊಲಾಂಟಾ ಒಲೆ ಆರಿಸಿ ಹತ್ತಿರ ಬಂದಳು. ಇಂಥ ಹೊತ್ತಿನಲ್ಲಿ ಈ ಊರಿನ ಭಾಷೆಯಲ್ಲಿ ಏನು ಹೇಳುತ್ತಾರೆಂದು ಅವಳು ಇನ್ನೂ ಕಲಿತಿರಲಿಲ್ಲ. ರಾಗ್ನಾಳ ಬೆನ್ನ ಮೇಲೆ ಕೈಯಿಟ್ಟು ತನ್ನದೇ ಭಾಷೆಯಲ್ಲಿ ಏನೇನೋ ಹೇಳತೊಡಗಿದಳು, ಒಂದರ ಹಿಂದೆ ಒಂದು, ಚಿಕ್ಕ ಚಿಕ್ಕ ಮಾತು. ರಾಗ್ನಾಳಿಗೆ ಒಂದೂ ಅರ್ಥವಾಗಲಿಲ್ಲ. ಅರ್ಥವೇನೆಂದು ಅವಳು ಕೇಳಲೂ ಇಲ್ಲ.